ಸೌದೆ ಒಲೆಯ ಪೈಪನ್ನು ಹಳೇ ಇಟ್ಟಿಗೆ ಚಿಮಣಿಗೆ ಜೋಡಿಸುವುದು: ಬೆಂಗಳೂರಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹಳೇ ಮನೆಗಳಲ್ಲಿ ಇಟ್ಟಿಗೆ ಚಿಮಣಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ದಂಡು ಪ್ರದೇಶದ ಬಂಗಲೆಗಳಲ್ಲಿ, ವೈಟ್‌ಫೀಲ್ಡಿನ ಹಳೇ ಮನೆಗಳಲ್ಲಿ ಹಾಲಿನ ಗೋಡೆಯೊಳಗೆ ಬೆಂಕಿಗೂಡು ಇರುತ್ತದೆ. ಬಸವನಗುಡಿ, ಮಲ್ಲೇಶ್ವರದ ಕಡೆ ಬಚ್ಚಲ ಹಂಡೆ ಒಲೆಗೆ ಕಟ್ಟಿದ ಹೊಗೆಗೂಡು ಇರುತ್ತದೆ. ಗ್ಯಾಸ್ ಬಂತು, ಗೀಸರ್ ಬಂತು, ಒಲೆ ಹೋಯಿತು. ಚಿಮಣಿ ಮಾತ್ರ ಹಾಗೇ ನಿಂತಿತು.

ಈಗ ಗಾಜಿನ ಬಾಗಿಲಿನ ಕಬ್ಬಿಣದ ಸೌದೆ ಒಲೆ ತರಿಸಿಕೊಳ್ಳುವವರು ಇದ್ದಾರೆ. ಚಿಮಣಿ ಹೇಗೂ ಇದೆಯಲ್ಲ, ಒಂದು ಪೈಪ್ ತೂರಿಸಿದರೆ ಆಯ್ತು ಅಂದುಕೊಳ್ಳುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿ. ಬೆಂಕಿ ಕಾಣುವುದು ಒಲೆಯೊಳಗೆ. ಅನಾಹುತ ಆಗುವುದು ಗೋಡೆಯ ಆಚೆ, ನಮ್ಮ ಕಣ್ಣಿಗೆ ಬೀಳದ ಕಡೆ. ಹಾಗಾಗಿ ಪೈಪ್ ಕೊಳ್ಳುವ ಮೊದಲು ಚಿಮಣಿ ನೋಡಿ.

ನಮ್ಮ ಊರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಚಳಿ ಕಡಿಮೆ. 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದೇ ಊರಿನ ದಾಖಲೆ. ಡಿಸೆಂಬರ್, ಜನವರಿಯ ಸಾಮಾನ್ಯ ರಾತ್ರಿ 15 ಡಿಗ್ರಿ ಆಸುಪಾಸು ಇರುತ್ತದೆ. ಅಷ್ಟು ಚಳಿಗೆ ಯಾರೂ ಒಲೆಯನ್ನು ಧಗಧಗ ಉರಿಸುವುದಿಲ್ಲ. ಗಾಳಿ ಬಾಗಿಲು ಅರ್ಧ ಮುಚ್ಚಿ, ಸಣ್ಣಗೆ ಹೊಗೆಯಾಡಿಸುತ್ತಾರೆ. ಆಗ ಹೊಗೆ ತಣ್ಣಗಿರುತ್ತದೆ. ತಣ್ಣಗಿನ ಹೊಗೆ ಚಿಮಣಿಯ ಒಳಗೋಡೆಗೆ ತಾಗಿ ಡಾಂಬರಿನಂಥ ಅಂಟು ಕರಿಯಾಗಿ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಅಂತಾರೆ. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗೆ ಇಳಿದರೆ ಇದು ಜಾಸ್ತಿ ಕಟ್ಟುತ್ತದೆ. ಒಂದು ದಿನ ಜೋರು ಬೆಂಕಿಗೆ ಅದೇ ಹೊತ್ತಿಕೊಂಡರೆ ಚಿಮಣಿಯೊಳಗಿನ ಬಿಸಿ ಸಾವಿರ ಡಿಗ್ರಿ ದಾಟಬಹುದು. ಜೊತೆಗೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ನಮ್ಮೂರಿನ ಗಾಳಿ ಕರಾವಳಿಗಿಂತ ಸುಮಾರು ಶೇಕಡ 10ರಷ್ಟು ತೆಳು. ಹೊರಗಿನ ಗಾಳಿ ಹೆಚ್ಚು ತಣ್ಣಗೂ ಇಲ್ಲ. ಹಾಗಾಗಿ ಚಿಮಣಿಯ ಎಳೆತವೂ ಚಳಿದೇಶಗಳಿಗಿಂತ ಸ್ವಲ್ಪ ಕಮ್ಮಿಯೇ.

ಒಲೆಯ ಜೊತೆ ಬಂದ ಕೈಪಿಡಿಯಲ್ಲಿ ಕೊಟ್ಟ ಅಳತೆಗಳೇ ಮೊದಲು. ಅದರಲ್ಲಿ ಇಲ್ಲದ್ದಕ್ಕೆ ಅಮೆರಿಕದ ಎನ್‌ಎಫ್‌ಪಿಎ 211 ಅನ್ನುವ, ಚಿಮಣಿ ಮತ್ತು ಒಲೆಗಳ ಬೆಂಕಿ ಸುರಕ್ಷತೆಯ ನಿಯಮಾವಳಿಯ ಅಳತೆಗಳನ್ನು ಹಲವರು ನೆಚ್ಚುತ್ತಾರೆ. ಕೆಳಗಿನ ಅಂಕಿಗಳು ಬಹುಪಾಲು ಅದರವೇ.

ಮೊದಲು ಚಿಮಣಿ ಪರೀಕ್ಷೆ

ಮೊದಲು ತಾರಸಿಗೆ ಹೋಗಿ. ಚಿಮಣಿಯ ಬಾಯಿ ತೆರೆದಿದೆಯಾ ನೋಡಿ. ಸೋರುತ್ತದೆ ಅಂತ ಯಾರೋ ಯಾವಾಗಲೋ ಸಿಮೆಂಟ್ ಹಲಗೆ ಹಾಕಿ ಮುಚ್ಚಿರುವುದು ಇಲ್ಲಿ ಮಾಮೂಲು. ಪಾರಿವಾಳದ ಗೂಡು, ಬಾವಲಿ, ಜೇನು ಯಾವುದೂ ಇರಬಹುದು. ಹೆಜ್ಜೇನು ಕಂಡರೆ ನೀವು ಕೈ ಹಾಕಬೇಡಿ, ಜೇನು ಬಿಡಿಸುವವರನ್ನು ಕರೆಸಿ. ಅರಳಿ ಗಿಡ ಬೇರು ಬಿಟ್ಟಿದ್ದರೆ ಅದು ಗಂಭೀರ ವಿಷಯ. ಗಿಡ ಕಿತ್ತರೆ ಸಾಲದು. ಬೇರು ಹೋದ ದಾರಿಯಲ್ಲೆಲ್ಲ ಇಟ್ಟಿಗೆ ಸಂದು ಬಿಟ್ಟಿರುತ್ತದೆ. ಅಷ್ಟು ಸಾಲನ್ನು ಬಿಚ್ಚಿ ಮತ್ತೆ ಕಟ್ಟಿಸಬೇಕು.

ಆಮೇಲೆ ಒಳಗೆ. ಬಿಸಿಲಿರುವಾಗ ಕೆಳಗಿನ ಬಾಯಿಯಲ್ಲಿ ಕನ್ನಡಿ ಹಿಡಿದರೆ ಮೇಲಿನ ಆಕಾಶ ಚೌಕವಾಗಿ ಕಾಣಬೇಕು. ಕಾಣದಿದ್ದರೆ ನಡುವೆ ತಿರುವು ಇದೆ, ಇಲ್ಲವೇ ಏನೋ ಅಡ್ಡ ಕೂತಿದೆ. ಮೇಲಿನಿಂದ ತೂಗುಗುಂಡು ಇಳಿಬಿಟ್ಟರೆ ಎಲ್ಲಿ ಅಂತ ಗೊತ್ತಾಗುತ್ತದೆ. ಟಾರ್ಚ್ ಬಿಟ್ಟು ಒಳಗಿನ ಗಾರೆ ನೋಡಿ. ಹಳೇ ಚಿಮಣಿಗಳು ಸುಣ್ಣದ ಗಾರೆಯವು. ನಮ್ಮಲ್ಲಿ ಒಳಗೆ ಸುಟ್ಟ ಮಣ್ಣಿನ ಕೊಳವೆ ಹಾಕಿ ಕಟ್ಟಿದ್ದು ಅಪರೂಪ, ಬರೀ ಇಟ್ಟಿಗೆಯೇ ಜಾಸ್ತಿ. ಸಂದಿಗೆ ಸ್ಕ್ರೂ ಡ್ರೈವರ್ ಚುಚ್ಚಿದಾಗ ಗಾರೆ ಪುಡಿಯಾಗಿ ಉದುರಿದರೆ ಆ ಚಿಮಣಿಗೆ ನೇರವಾಗಿ ಹೊಗೆ ಬಿಡಬಾರದು.

ಇನ್ನು ಮರ. ಹಳೇ ಮನೆಗಳ ಮದ್ರಾಸ್ ತಾರಸಿಗೆ ಮರದ ತೊಲೆ, ಜಂತೆಗಳೇ ಆಧಾರ. ಮಂಗಳೂರು ಹೆಂಚಿನ ಮನೆಗೂ ಅಷ್ಟೇ. ಎಷ್ಟೋ ಕಡೆ ಜಂತೆಯ ತುದಿಯನ್ನು ಚಿಮಣಿಯ ಇಟ್ಟಿಗೆಯೊಳಗೇ ಕೂರಿಸಿರುತ್ತಾರೆ. ಮನೆಯೊಳಗಿನ ಚಿಮಣಿಗೂ ಮರಕ್ಕೂ ಕನಿಷ್ಠ 2 ಇಂಚು ಅಂತರ ಇರಬೇಕು. ವರ್ಷಗಟ್ಟಲೆ ಬಿಸಿ ತಿಂದ ಮರ, ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಚಿಮಣಿ ತಾರಸಿ ದಾಟುವ ಜಾಗದಲ್ಲಿ ಸುತ್ತ ಗಾರೆ ಕೆತ್ತಿಸಿ ನೋಡದೆ ಮುಂದೆ ಹೋಗಬೇಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಕಡೆಯದಾಗಿ, ಎತ್ತರ. ತಾರಸಿಯಿಂದ ಚಿಮಣಿ ಕನಿಷ್ಠ 3 ಅಡಿ ಮೇಲೆ ಬಂದಿರಬೇಕು. ಸುತ್ತ 10 ಅಡಿ ಒಳಗಿರುವ ಗೋಡೆ, ನೀರಿನ ಟ್ಯಾಂಕು, ಮೆಟ್ಟಿಲ ಮನೆ, ಎಲ್ಲಕ್ಕಿಂತ 2 ಅಡಿ ಎತ್ತರ ಇರಬೇಕು. ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿದ್ದರೆ ಗಾಳಿ ಅದಕ್ಕೆ ಬಡಿದು ನಿಮ್ಮ ಚಿಮಣಿಯೊಳಗೆ ಇಳಿಯಬಹುದು. ಹೊಗೆ ನೇರ ಅವರ ಕಿಟಕಿಗೂ ಹೋಗಬಹುದು. ಅಂಥ ಕಡೆ ಸೌದೆ ಒಲೆಯ ಯೋಚನೆಯನ್ನೇ ಕೈಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಅಳತೆಯ ಲೆಕ್ಕ

ದೊಡ್ಡ ಚಿಮಣಿ ಇದ್ದಷ್ಟೂ ಹೊಗೆ ಚೆನ್ನಾಗಿ ಹೋಗುತ್ತದೆ ಅನ್ನುವುದು ತಪ್ಪು ನಂಬಿಕೆ. ಕಿರಿದಾದ ಪೈಪಿನಿಂದ ಬಂದ ಬಿಸಿ ಹೊಗೆ ಅಗಲವಾದ ಗೂಡಿಗೆ ಬಿದ್ದ ತಕ್ಷಣ ಹರಡಿಕೊಳ್ಳುತ್ತದೆ, ನಿಧಾನವಾಗುತ್ತದೆ, ತಣ್ಣಗಾಗುತ್ತದೆ. ಕ್ರಿಯೋಸೋಟ್‌ಗೆ ಅಷ್ಟೇ ಬೇಕಾದದ್ದು.

ನಿಯಮ ಹೀಗಿದೆ. ಚಿಮಣಿಯ ಒಳವಿಸ್ತೀರ್ಣ ಒಲೆಯ ಹೊಗೆಬಾಯಿಗಿಂತ ಕಡಿಮೆ ಇರಬಾರದು. ಚಿಮಣಿ ಪೂರ್ತಿ ಮನೆಯೊಳಗಿದ್ದರೆ ಮೂರು ಪಟ್ಟು ಮೀರಬಾರದು. ಒಂದು ಮಗ್ಗುಲಾದರೂ ಹೊರಗೋಡೆಯಾಗಿದ್ದರೆ ಎರಡು ಪಟ್ಟು ಮೀರಬಾರದು.

ಒಲೆಗೆ 6 ಇಂಚಿನ ಪೈಪ್ ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 28 ಚದರ ಇಂಚು. ಮೂರು ಪಟ್ಟು ಅಂದರೆ 84, ಎರಡು ಪಟ್ಟು ಅಂದರೆ 56. ಒಳಗೆ 9 ಇಂಚು ಚೌಕದ ಚಿಮಣಿ ಇದ್ದರೆ 81 ಚದರ ಇಂಚು. ಮನೆಯ ನಡುಗೋಡೆಯದಾದರೆ ಹೇಗೋ ಒಪ್ಪಿಗೆ, ಹೊರಗೋಡೆಯದಾದರೆ ಇಲ್ಲ. 9ಕ್ಕೆ 14 ಇಂಚಿನ ಗೂಡಾದರೆ 126 ಚದರ ಇಂಚು, ಎಲ್ಲಿದ್ದರೂ ಆಗುವುದಿಲ್ಲ. ಬಂಗಲೆಗಳ ಬೆಂಕಿಗೂಡುಗಳನ್ನು ತೆರೆದ ಬೆಂಕಿಗೆ ಅಂತಲೇ ಕಟ್ಟಿದ್ದರಿಂದ ಅವು ಇನ್ನೂ ಅಗಲ ಇರುತ್ತವೆ.

ಅಂದರೆ ಬೆಂಗಳೂರಿನ ಹಳೇ ಚಿಮಣಿಗಳಿಗೆ ಒಳಗೊಂದು ಲೈನರ್ ಬೇಕೇ ಬೇಕು ಅಂತ ಇಟ್ಟುಕೊಳ್ಳಿ. ಒಲೆಯ ಹೊಗೆಬಾಯಿಯಷ್ಟೇ ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಮೇಲಿನಿಂದ ಕೆಳತನಕ ಇಳಿಸುವುದು. 316 ದರ್ಜೆಯ ಸ್ಟೀಲ್ ಕೇಳಿ. ಹೊಗೆಯ ಆಮ್ಲವನ್ನು 304ಕ್ಕಿಂತ ಅದು ಚೆನ್ನಾಗಿ ತಡೆಯುತ್ತದೆ. ಸುತ್ತ ಸಿರಾಮಿಕ್ ವೂಲ್ ಸುತ್ತಿಸಿದರೆ ಹೊಗೆ ಬಿಸಿಯಾಗಿಯೇ ಮೇಲೆ ಹೋಗುತ್ತದೆ. ಖರ್ಚು ಜಾಸ್ತಿ, ನಿಜ. ಆದರೆ ಕ್ರಿಯೋಸೋಟ್, ಸಂದು ಬಿಟ್ಟ ಗಾರೆ, ಅಗಲವಾದ ಗೂಡು, ಮೂರಕ್ಕೂ ಒಂದೇ ಪರಿಹಾರ ಇದು. ಲೈನರ್ ಹಾಕಿದ ಮಾತ್ರಕ್ಕೆ ಮರದ ಅಂತರದ ವಿಚಾರ ಮರೆಯುವಂತಿಲ್ಲ.

ಸಾಮಾನು

ಎಸ್‌.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಹಾರ್ಡ್‌ವೇರ್ ಸಾಮಾನೆಲ್ಲ ಸಿಗುತ್ತದೆ. ಪೈಪನ್ನು ಮಾತ್ರ ಶೀಟ್ ಮೆಟಲ್ ಕೆಲಸದವರ ಹತ್ತಿರ ಅಳತೆ ಕೊಟ್ಟು ಮಾಡಿಸುವುದು ಒಳ್ಳೆಯದು. 6 ಇಂಚಿನ ಪೈಪಿಗೆ 24 ಗೇಜ್‌ಗಿಂತ ತೆಳುವಾದ ಕಬ್ಬಿಣದ ತಗಡು ಬೇಡ. ಗೇಜ್ ಸಂಖ್ಯೆ ಕಮ್ಮಿಯಾದಷ್ಟೂ ತಗಡು ದಪ್ಪ ಅನ್ನುವುದು ನೆನಪಿರಲಿ. ನನ್ನನ್ನು ಕೇಳಿದರೆ 2 ಮಿಲಿಮೀಟರ್ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡಿನಲ್ಲೇ ಮಾಡಿಸಿ, ಬಾಳಿಕೆ ಬರುತ್ತದೆ. ಹೊರಗೆ ಬಿಸಿ ತಡೆಯುವ ಕಪ್ಪು ಬಣ್ಣ ಹೊಡೆಸಿ.

ಜಿ.ಐ. ಪೈಪ್ ಅಗ್ಗಕ್ಕೆ ಸಿಗುತ್ತದೆ, ಹೊಳೆಯುತ್ತದೆ. ಬೇಡ. ಅದರ ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ. ಜಾಸ್ತಿ ಬಿಸಿಯಾದರೆ ಅದರ ಹೊಗೆ ಕುಡಿದು ಜ್ವರ ಬರುತ್ತದೆ. ಅಲ್ಯೂಮಿನಿಯಂನ ಮಡಚುವ ಡಕ್ಟ್ ಪೈಪ್ ಅಂತೂ ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿಗೆ ಮಾತ್ರ.

ಹಳೇ ಬಚ್ಚಲೊಲೆಗಳಿಗೆ ಆಸ್ಬೆಸ್ಟಾಸ್ ಸಿಮೆಂಟ್ ಪೈಪ್ ಹಾಕಿರುವುದುಂಟು. ಅದನ್ನು ಹೊಸ ಒಲೆಗೆ ಬಳಸಬೇಡಿ. ಕೊಯ್ಯಬೇಡಿ, ಒಡೆಯಬೇಡಿ. ಆ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ತೆಗೆಯಲೇಬೇಕಾದರೆ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡುವ ಅನುಭವಸ್ಥರಿಂದಲೇ ಮಾಡಿಸಿ.

ಇದರ ಜೊತೆ ಬಿಸಿ ತಡೆಯುವ ಫೈರ್‌ಕ್ಲೇ ಗಾರೆ, ಸಿರಾಮಿಕ್ ಹಗ್ಗ, ಸ್ಟೇನ್‌ಲೆಸ್ ಸ್ಕ್ರೂ, ಮತ್ತೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ. ಸಾಮಾನ್ಯ ಸಿಮೆಂಟ್ ಗಾರೆ ಬಿಸಿಗೆ ಬಿರುಕು ಬಿಡುತ್ತದೆ. ಪೈಪಿನ ಸುತ್ತ ಅದು ಬರಲೇಬಾರದು.

ಗೋಡೆಯ ತೂತು ಮತ್ತು ಸ್ಲೀವ್

ಎಲ್ಲಿ ತೂತು ಕೊರೆಯಬೇಕು ಅಂತ ಗುರುತು ಹಾಕುವ ಮೊದಲು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಹಳೇ ಗೋಡೆಯೊಳಗೆ ಪಿವಿಸಿ ಪೈಪ್ ಹೂತು ವೈರ್ ಎಳೆದಿರುತ್ತಾರೆ. ಹೊಗೆ ಪೈಪಿನ ಹತ್ತಿರ ಅದಿದ್ದರೆ ಬೇರೆ ದಾರಿಗೆ ಸರಿಸಬೇಕು. ಒಂಟಿ ಪದರದ ಪೈಪಿಗೂ ಹೊತ್ತಿಕೊಳ್ಳುವ ಯಾವುದೇ ವಸ್ತುವಿಗೂ ನಡುವೆ 18 ಇಂಚು, ಅಂದರೆ ಒಂದೂವರೆ ಅಡಿ, ಬಿಡಬೇಕು. ಮರದ ಸೀಲಿಂಗ್, ಥರ್ಮಾಕೋಲ್ ಸೀಲಿಂಗ್, ಪಿವಿಸಿ ಪ್ಯಾನೆಲ್, ಕಿಟಕಿ ಚೌಕಟ್ಟು, ಪರದೆ, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಪೈಪನ್ನು ಇಟ್ಟಿಗೆಗೆ ನೇರವಾಗಿ ಗಾರೆ ಹಾಕಿ ಕೂರಿಸಬಾರದು. ಬಿಸಿಯಾದಾಗ ಕಬ್ಬಿಣ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ನಾಲ್ಕು ದಿನಕ್ಕೆ ಗಾರೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲು ಗೋಡೆಯಲ್ಲಿ ಒಂದು ಸ್ಲೀವ್ ಕೂರಿಸುತ್ತಾರೆ. ದಪ್ಪ ಕಬ್ಬಿಣದ ಬಳೆಯಾದರೂ ಸರಿ, ಸುಟ್ಟ ಫೈರ್‌ಕ್ಲೇ ಬಳೆಯಾದರೂ ಸರಿ. ಪೈಪ್ ಸಲೀಸಾಗಿ ಒಳಗೆ ಜಾರುವಷ್ಟು ದೊಡ್ಡದಿರಬೇಕು.

ತೂತನ್ನು ಕೋರ್ ಕಟರ್‌ನಲ್ಲಿ ಕೊರೆಸಿ. ಸುತ್ತಿಗೆ ಉಳಿಯಿಂದ ಹೊಡೆದರೆ ಸುಣ್ಣದ ಗಾರೆಯ ಇಟ್ಟಿಗೆಗಳು ಸುತ್ತಮುತ್ತ ಸಡಿಲಾಗುತ್ತವೆ. ತೂತಿನ ಒಳಮೈಯ ಪುಡಿ ಗುಡಿಸಿ, ನೀರು ಚಿಮುಕಿಸಿ, ಸ್ಲೀವ್ ಇಟ್ಟು ಸುತ್ತ ಫೈರ್‌ಕ್ಲೇ ಗಾರೆಯನ್ನು ಕಡ್ಡಿಯಿಂದ ತುರುಕಿ ತುರುಕಿ ತುಂಬಿಸಬೇಕು. ಮೇಲ್ಮೈ ಮಾತ್ರ ಮೆತ್ತಿ ಒಳಗೆ ಪೊಳ್ಳು ಬಿಡುವುದು ಗಾರೆಯವರ ಸಾಮಾನ್ಯ ಅಭ್ಯಾಸ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಪೊಳ್ಳಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಸ್ಲೀವ್‌ನ ಒಳತುದಿ ಚಿಮಣಿಯ ಒಳಗೋಡೆಗೆ ಸರಿಸಮ ನಿಲ್ಲಬೇಕು. ಒಂದು ಇಂಚು ಮುಂದೆ ಚಾಚಿದರೂ ಹೊಗೆಯ ದಾರಿಗೆ ಅಡ್ಡ. ಅದರ ಮೇಲೆ ಕರಿ ಕೂರಲು ಒಂದು ಅಟ್ಟ ಮಾಡಿಕೊಟ್ಟಂತೆ. ತೂತಿನ ಕೆಳಗೆ ಚಿಮಣಿಯಲ್ಲಿ ಸ್ವಲ್ಪ ಜಾಗ ಬಿಟ್ಟು, ಬಿಗಿಯಾಗಿ ಮುಚ್ಚುವ ಕಬ್ಬಿಣದ ಬಾಗಿಲು ಇಡಿಸಿ. ಉದುರಿದ ಮಸಿ ಅಲ್ಲಿಂದ ತೆಗೆಯಬಹುದು.

ಲೈನರ್ ಹಾಕಿದ್ದರೆ ಕೆಲಸ ಇನ್ನೂ ಚೊಕ್ಕ. ಲೈನರ್‌ನ ಬುಡದಲ್ಲಿ ಟೀ, ಅಂದರೆ ಇಂಗ್ಲಿಷಿನ T ಆಕಾರದ ಜೋಡುಕೊಳವೆ, ಇರುತ್ತದೆ. ಅದರ ಅಡ್ಡ ಮೂತಿಯನ್ನು ಸ್ಲೀವ್ ಮೂಲಕ ಕೋಣೆಗೆ ತಂದು ಒಲೆಯ ಪೈಪನ್ನು ಅದಕ್ಕೇ ಸೇರಿಸಬೇಕು. ಟೀಯ ಕೆಳಬಾಯಿಗೆ ತೆಗೆದು ಹಾಕುವ ಮುಚ್ಚಳ. ಮೂತಿಗೂ ಸ್ಲೀವ್‌ಗೂ ನಡುವಿನ ಸಂದಿಗೆ ಸಿರಾಮಿಕ್ ಹಗ್ಗ ತುರುಕಿ.

ಹಳೇ ಬೆಂಕಿಗೂಡು ಇರುವವರಿಗೆ ಒಂದು ಮಾತು. ಒಲೆಯನ್ನು ಗೂಡಿನ ಮುಂದಿಟ್ಟು ಪೈಪನ್ನು ಸುಮ್ನೆ ಅದರ ಬಾಯೊಳಗೆ ತೂರಿಸಿ ಬಿಡುವವರಿದ್ದಾರೆ. ಹೊಗೆ ಆ ದೊಡ್ಡ ಗೂಡಿನಲ್ಲಿ ಸುತ್ತಾಡಿ ತಣ್ಣಗಾಗುತ್ತದೆ, ಕರಿ ಕೈಗೆಟುಕದ ಕಡೆ ಕೂರುತ್ತದೆ, ಹೊಗೆ ಮತ್ತೆ ಕೋಣೆಗೂ ಬರುತ್ತದೆ. ಲೈನರ್ ಒಲೆಯ ತನಕ ಬರಬೇಕು, ಗೂಡಿನ ಗಂಟಲನ್ನು ಲೈನರ್ ಸುತ್ತ ಕಬ್ಬಿಣದ ತಗಡಿನಿಂದ ಮುಚ್ಚಬೇಕು. ಗೂಡಿನ ಮೇಲ್ಗಡೆ ಗೋಡೆಗೆ ಪೈಪ್ ಸೇರಿಸುತ್ತೀರಾದರೆ ಕೆಳಗಿನ ಬಾಯಿಯನ್ನು ಪೂರ್ತಿ ಮುಚ್ಚಿ. ಒಂದು ಕೊಳವೆಗೆ ಒಂದೇ ಒಲೆ. ಬಚ್ಚಲ ಹಂಡೆ ಒಲೆಯ ಹೊಗೆಯನ್ನೂ ಅದಕ್ಕೇ ಸೇರಿಸಬಾರದು.

ಪೈಪ್ ಜೋಡಣೆ

ಇಲ್ಲಿ ಫಿಟ್ಟರ್ ಜೊತೆ ವಾದ ಬರುವುದು ಗ್ಯಾರಂಟಿ. ಪೈಪಿನ ಒಂದು ತುದಿ ಸುಕ್ಕು ಮಾಡಿ ಕಿರಿದಾಗಿಸಿರುತ್ತದೆ. ಆ ತುದಿ ಕೆಳಮುಖವಾಗಿ, ಒಲೆಯ ಕಡೆಗಿರಬೇಕು. ಮೇಲಿನ ಪೈಪ್ ಕೆಳಗಿನ ಪೈಪಿನ ಒಳಗೆ ಕೂರಬೇಕು, ಮಳೆನೀರಿನ ಪೈಪ್ ಜೋಡಿಸುವ ಹಾಗೆ.

“ಹೊಗೆ ಮೇಲಕ್ಕೆ ಹೋಗುತ್ತಲ್ವಾ ಸಾರ್, ಸಂದೀಲಿ ಆಚೆ ಬರಲ್ವಾ?” ಅಂತ ಕೇಳುತ್ತಾರೆ. ಬರುವುದಿಲ್ಲ. ಚಿಮಣಿ ಎಳೆಯುತ್ತಿರುವಾಗ ಪೈಪಿನೊಳಗಿನ ಒತ್ತಡ ಕೋಣೆಗಿಂತ ಕಮ್ಮಿ. ಸಂದಿಯಲ್ಲಿ ಕೋಣೆಯ ಗಾಳಿಯೇ ಒಳಗೆ ಹೋಗುತ್ತದೆ. ಆದರೆ ಕರಗಿದ ಕ್ರಿಯೋಸೋಟ್ ಕೆಳಗಿಳಿಯುತ್ತದೆ. ತಿರುಗುಮುರುಗಾಗಿ ಜೋಡಿಸಿದರೆ ಅದು ಪೈಪಿನ ಹೊರಮೈಗೆ ಸುರಿದು ಗಬ್ಬು ವಾಸನೆ ಹಿಡಿಯುತ್ತದೆ. ಸರಿಯಾಗಿ ಜೋಡಿಸಿದರೆ ಒಲೆಗೇ ಬಿದ್ದು ಉರಿದುಹೋಗುತ್ತದೆ.

ಪ್ರತಿ ಕೀಲಿಗೂ ಮೂರು ಸ್ಕ್ರೂ, ಸಮ ಅಂತರದಲ್ಲಿ. ಒಲೆಯ ಹೊಗೆಬಾಯಿಗೂ ಹಾಗೇ. ಚಿಮಣಿಗೆ ಬೆಂಕಿ ಹತ್ತಿದಾಗ ಪೈಪ್ ಗಡಗಡ ನಡುಗುತ್ತದೆ. ಸ್ಕ್ರೂ ಇಲ್ಲದ ಕೀಲು ಕಳಚುವುದು ಆಗಲೇ.

ಪೈಪ್ ಒಲೆಯಿಂದ ಆದಷ್ಟು ನೇರ ಮೇಲೆ ಹೋಗಿ, ಆಮೇಲೆ ಗೋಡೆಗೆ ತಿರುಗಲಿ. 90 ಡಿಗ್ರಿಯ ತಿರುವು ಎರಡಕ್ಕಿಂತ ಜಾಸ್ತಿ ಬೇಡ. ಅಡ್ಡ ಓಟ ಚಿಕ್ಕದಿದ್ದಷ್ಟೂ ಒಳ್ಳೆಯದು. ಅಡ್ಡ ಪೈಪ್ ಚಿಮಣಿಯ ಕಡೆಗೆ ಏರುತ್ತಾ ಹೋಗಬೇಕು, ಅಡಿಗೆ ಕಾಲು ಇಂಚಿನಂತೆ. ರಸಮಟ್ಟ ಇಟ್ಟು ನೋಡಿ, ಕಣ್ಣಂದಾಜು ಬೇಡ. ಉದ್ದ ಇದ್ದರೆ ಮೇಲಿನಿಂದ ಕಬ್ಬಿಣದ ಪಟ್ಟಿಯ ಆಧಾರ ಕೊಡಿ. ಪೈಪ್ ಪೂರ್ತಿ ಕಣ್ಣಿಗೆ ಕಾಣುವಂತಿರಬೇಕು. ಕಪಾಟು, ಅಟ್ಟ, ಫಾಲ್ಸ್ ಸೀಲಿಂಗ್ ಯಾವುದರ ಒಳಗೂ ಹಾಯಬಾರದು.

ಚಿಮಣಿಯ ತುದಿಗೆ ಮಳೆ ಟೋಪಿ ಹಾಕಿಸಿ, ಸುತ್ತ ಅರ್ಧ ಇಂಚಿನ ಜಾಲರಿ. ಪಾರಿವಾಳವೂ ಬರುವುದಿಲ್ಲ, ಕಿಡಿಯೂ ಹಾರುವುದಿಲ್ಲ. ಹತ್ತಿರ ತೆಂಗಿನ ಮರ ಇದ್ದರೆ ಒಣಗಿದ ಗರಿ ಕಡಿಸುತ್ತಿರಿ.

ಪರೀಕ್ಷೆ

ಗಾರೆ ಪೂರ್ತಿ ಒಣಗಿದ ಮೇಲೆ ಸಾಂಬ್ರಾಣಿ ಪರೀಕ್ಷೆ ಮಾಡಿ. ಮನೆಯ ಕಿಟಕಿ ತೆಗೆದಿಡಿ. ಧೂಪಾರತಿಯಲ್ಲಿ ನಾಲ್ಕು ಕೆಂಡ ಹಾಕಿ, ಕೈತುಂಬ ಸಾಂಬ್ರಾಣಿ ಉದುರಿಸಿ ಒಲೆಯೊಳಗಿಟ್ಟು ಬಾಗಿಲು ಹಾಕಿ. ತಾರಸಿಯಲ್ಲಿ ಹೊಗೆ ದಟ್ಟವಾಗಿ ಬರಲು ಶುರುವಾದಾಗ ಒಬ್ಬರು ಚಿಮಣಿಯ ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಲಿ. ಈಗ ಕೆಳಗಿರುವವರು ಗೋಡೆಯುದ್ದಕ್ಕೂ ನೋಡುತ್ತಾ ಬರಬೇಕು. ಸ್ಲೀವ್ ಸುತ್ತ, ಮಸಿ ಬಾಗಿಲಿನ ಅಂಚು, ಪಕ್ಕದ ಕೋಣೆ, ತೊಲೆ ಸೇರುವ ಜಾಗ. ದಾರದಷ್ಟು ಹೊಗೆ ಕಂಡರೂ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಕೆಲವೇ ನಿಮಿಷ ಸಾಕು. ಗೋಣಿಚೀಲ ತೆಗೆಯಲು ಮರೆಯಬೇಡಿ. ಪರೀಕ್ಷೆ ಮುಗಿಯುವ ತನಕ ಮಕ್ಕಳು, ವಯಸ್ಸಾದವರು ಹೊರಗಿರಲಿ.

ಆಮೇಲೆ ಎಳೆತ ನೋಡಿ. ಒಲೆಯ ಬಾಗಿಲ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ಒಳಗೆ ಎಳೆದುಕೊಳ್ಳಬೇಕು. ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಎಲ್ಲ ಹಾಕಿ ಇನ್ನೊಮ್ಮೆ ನೋಡಿ. ಈಗ ಹೊಗೆ ನಿಮ್ಮ ಕಡೆ ತಿರುಗಿದರೆ, ಆ ಫ್ಯಾನ್‌ಗಳು ಒಲೆಯ ಹೊಗೆಯನ್ನು ಮನೆಯೊಳಗೆ ಎಳೆಯುತ್ತಿವೆ ಅಂತ ಅರ್ಥ. ಒಲೆ ಉರಿಯುವಾಗ ಅವನ್ನು ಹಾಕಬಾರದು, ಒಲೆಯ ಹತ್ತಿರ ಹೊರಗಾಳಿಗೆ ಒಂದು ದಾರಿಯನ್ನೂ ಮಾಡಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಸುಸ್ತು ಅಂತ ಶುರುವಾಗುತ್ತದೆ. ನಿದ್ದೆಯಲ್ಲಿದ್ದರೆ ಅದೂ ಗೊತ್ತಾಗುವುದಿಲ್ಲ. ಅಲಾರಂ ಒಲೆಯ ಕೋಣೆಯಲ್ಲೊಂದು, ಮಲಗುವ ಕೋಣೆಯ ಹತ್ತಿರ ಇನ್ನೊಂದು ಇರಲಿ. ಕೆಂಡ ಇರುವಾಗ ಪೈಪಿನ ಡ್ಯಾಂಪರ್ (ಹೊಗೆಯ ದಾರಿಯನ್ನು ಕಿರಿದು ಮಾಡುವ ತಿರುಗು ತಟ್ಟೆ) ಪೂರ್ತಿ ಮುಚ್ಚಿ ಮಲಗಬೇಡಿ.

ಮೊದಲ ಕೆಲವು ಬೆಂಕಿ ಸಣ್ಣದಿರಲಿ. ಬಣ್ಣ ಕಾದು ಸ್ವಲ್ಪ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ.

ಬಳಕೆ ಮತ್ತು ಶುಚಿ

ಶೇಕಡ 20ಕ್ಕಿಂತ ಕಡಿಮೆ ತೇವದ ಸೌದೆ ಬೇಕು. ಸೀಳಿ, ಮಳೆ ತಾಗದ ಕಡೆ ಆರು ತಿಂಗಳಿಂದ ಒಂದು ವರ್ಷ ಒಣಗಿಸಿದ್ದು. ಸರ್ವೆ, ಜಾಲಿ, ಸಿಲ್ವರ್ ಓಕ್ ಯಾವುದಾದರೂ ಆದೀತು, ಒಣಗಿರಬೇಕು ಅಷ್ಟೇ. ಪ್ಲೈವುಡ್, ಬಣ್ಣ ಹೊಡೆದ ಮರ, ಪ್ಲಾಸ್ಟಿಕ್ ಬೇಡವೇ ಬೇಡ. ರಾತ್ರಿಯಿಡೀ ಹೊಗೆಯಾಡಿಸುವ ಬದಲು, ಸಣ್ಣ ಪ್ರಮಾಣದ ಸೌದೆಯನ್ನು ಚೆನ್ನಾಗಿ ಉರಿಸಿ ಮುಗಿಸಿ. ಪೈಪಿಗೆ ಅಂಟಿಸುವ ಮ್ಯಾಗ್ನೆಟ್ ಥರ್ಮಾಮೀಟರ್ ಸಿಗುತ್ತದೆ. ಒಲೆಯಿಂದ ಒಂದೂವರೆ ಅಡಿ ಮೇಲೆ, ಪೈಪಿನ ಹೊರಮೈಯಲ್ಲಿ ಸುಮಾರು 115ರಿಂದ 245 ಡಿಗ್ರಿ ತೋರಿಸುತ್ತಿದ್ದರೆ ಉರಿ ಸರಿಯಾಗಿದೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಚಳಿ ಶುರುವಾಗುವ ಮೊದಲು, ಚಿಮಣಿ ತೆಗೆದು ನೋಡಿ. ಹೊಸದಾಗಿ ಜೋಡಿಸಿದ ವರ್ಷ ತಿಂಗಳಿಗೊಮ್ಮೆ ನೋಡಿ. ಒಳಗಿನ ಕರಿ 3 ಮಿಲಿಮೀಟರ್ ದಪ್ಪವಾಗಿದ್ದರೆ ಬ್ರಷ್ ಹಾಕಿಸುವ ಹೊತ್ತು. ಪುಡಿಪುಡಿ ಮಸಿ, ಇಲ್ಲಣ ಬ್ರಷ್‌ಗೆ ಬರುತ್ತದೆ. ಗಾಜಿನ ಹಾಗೆ ಹೊಳೆಯುವ ಗಟ್ಟಿ ಪದರ ಕಂಡರೆ ಅದು ಬ್ರಷ್‌ಗೆ ಜಗ್ಗುವುದಿಲ್ಲ. ಅದನ್ನು ತೆಗೆಸುವ ತನಕ ಒಲೆ ಹಚ್ಚಬೇಡಿ. ಬೂದಿಯನ್ನು ಮುಚ್ಚಳದ ಕಬ್ಬಿಣದ ಬಕೆಟ್‌ನಲ್ಲಿ ಮನೆಯಿಂದ ಹೊರಗಿಡಿ. ಅದರೊಳಗಿನ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ.

ಚಿಮಣಿಯೊಳಗೆ ಭೋರೆಂದು ಸದ್ದು ಬಂದರೆ, ಪೈಪ್ ನಡುಗಿದರೆ, ಮೇಲಿನಿಂದ ಕಿಡಿ ಚಿಮ್ಮಿದರೆ ಒಳಗೆ ಬೆಂಕಿ ಹತ್ತಿದೆ. ಕೈಗೆಟುಕಿದರೆ ಒಲೆಯ ಬಾಗಿಲು, ಗಾಳಿ ಬಾಗಿಲು ಮುಚ್ಚಿ. ಎಲ್ಲರೂ ಹೊರಗೆ ಬನ್ನಿ. 101 ಅಥವಾ 112ಕ್ಕೆ ಫೋನ್ ಮಾಡಿ. ಚಿಮಣಿಯೊಳಗೆ ನೀರು ಸುರಿಯಬೇಡಿ. ಕಾದ ಇಟ್ಟಿಗೆ, ಲೈನರ್ ಸೀಳುತ್ತದೆ, ಹಬೆ ಸಿಡಿಯುತ್ತದೆ. ಬೆಂಕಿ ತಾನಾಗಿ ಆರಿತು ಅಂತ ಮಾರನೇ ದಿನ ಮತ್ತೆ ಹಚ್ಚಬೇಡಿ. ಲೈನರ್, ಸ್ಲೀವ್, ತಾರಸಿ ಹತ್ತಿರದ ಮರ ಇಷ್ಟನ್ನೂ ಬಿಚ್ಚಿ ನೋಡಿಸಿ, ಸಾಂಬ್ರಾಣಿ ಪರೀಕ್ಷೆ ಮತ್ತೆ ಮಾಡಿದ ಮೇಲಷ್ಟೇ ಒಲೆಗೆ ಸೌದೆ ಇಡಿ.